ಬೋರಲು ಹಾಸಿದ ಹಾಳೆ

ಪುಣೆಯ ಹಿಂಜವಾಡಿಯ ಒಂದು ಕಂಪನಿಯಲ್ಲಿ ಕೆಲಸ ಮಾಡುವ ಮೇಘನಾ ಅನ್ನುವ ತುಮಕೂರಿನ ಹುಡುಗಿ ಹೋದ ತಿಂಗಳು ನನಗೆ ಫೋನ್ ಮಾಡಿದಳು. "ಸರ್, ನಮ್ಮ ಟೀಮಿಗೆ ಹೊಸಬರು ಬಂದಿದ್ದಾರೆ. ನೀವು ಒಂದ್ ಹಾಫ್ ಆನ್ ಅವರ್ ಬಂದು ನಿಮ್ಮ ಜರ್ನಿ ಬಗ್ಗೆ ಮಾತಾಡ್ತೀರಾ? ಸ್ಲೈಡ್ಸ್ ನಾವೇ ರೆಡಿ ಮಾಡ್ತೀವಿ."

ಜರ್ನಿಯಂತೆ! ಹಡಪಸರದಿಂದ ಹಿಂಜವಾಡಿಗೆ ಹೋಗಿ ಬರುವುದೇ ಈಗ ಒಂದು ಜರ್ನಿ, ಬೆಳಿಗ್ಗೆ ಹೊರಟರೆ ಸಂಜೆ ಮನೆ. ಮೂವತ್ತೊಂದು ವರ್ಷ ನೆಲದಡಿಯ ಬಂಡೆ ಎಷ್ಟು ಒತ್ತಡದಲ್ಲಿದೆ ಅಂತ ಅಳೆದವನು ಅರ್ಧ ತಾಸಿನಲ್ಲಿ, ಅದೂ ಇನ್ನೊಬ್ಬರು ಮಾಡಿದ ಸ್ಲೈಡಿನ ಮುಂದೆ ನಿಂತು ಏನು ಹೇಳಬೇಕು? ಬರೋದಿಲ್ಲಮ್ಮ, ಬೇಕಾದರೆ ಬರೆದು ಕಳಿಸ್ತೀನಿ ಅಂದೆ. ಅದೇ ಇದು.

ಫೋನ್ ಇಡುವ ಮುಂಚೆ ಆಕೆ ಇನ್ನೊಂದು ಮಾತು ಕೇಳಿದಳು. "ಸರ್, ಕೊಂಕಣದ ಆ ಬಿಸಿನೀರಿನ ಸೈಟಿನ ಹಳೇ ಡೇಟಾ ನೋಡ್ತಾ ಇದ್ವಿ. ಆಮೇಲೆ ಬೇರೆಯವರು ಕೊರೆದ ಆರು ಬಾವಿಲೂ ಬಂಡೆ ಬಿರುಕು ಬಿಡೋ ದಿಕ್ಕು ಒಂದೇ. ನಿಮ್ಮ ಬಾವೀದ್ ಮಾತ್ರ ಕಂಪ್ಲೀಟ್ ಬೇರೆ. ರಿಪೋರ್ಟಲ್ಲಿ ಆಪರೇಟರ್ ಎರರ್ ಅಂತಿದೆ. ಯಾರ್ ಸರ್ ಆ ಆಪರೇಟರ್?"

ಆ ಆಪರೇಟರ್ ಹೆಸರು ಶಿವಶರಣಪ್ಪ. ಕಲಬುರಗಿ ಕಡೆಯವನು, ನನ್ನ ಜೊತೆ ಒಂಬತ್ತು ವರ್ಷ ಬಾವಿ ಕೊರೆದವನು. ರಿಪೋರ್ಟಿನಲ್ಲಿ ಅವನ ಹೆಸರಿಲ್ಲ, ಆದರೆ ಆ ಎರಡು ಶಬ್ದ ಅವನ ಅನ್ನ ಕಿತ್ತುಕೊಂಡವು, ಮರ್ಯಾದೆಯನ್ನೂ. ಆ ತಪ್ಪು ಅವನದಲ್ಲ, ನನ್ನದು. ಹನ್ನೆರಡು ವರ್ಷದಿಂದ ನನಗೊಬ್ಬನಿಗೆ ಅದು ಗೊತ್ತು ಅಂದುಕೊಂಡಿದ್ದೆ. ಆ ದಿನ ಮೇಘನಾಗೆ "ನೋಡಿ ಹೇಳ್ತೀನಿ" ಅಂತ ಹೇಳಿ ಫೋನಿಟ್ಟೆ.

ಇರಲಿ. ಮೊದಲು ಕೆಲಸ ಏನು ಅಂತ ಹೇಳಬೇಕು. ಹೊಸಬರಿಗೆ ಅದನ್ನು ಹೇಳುವವರೇ ಇಲ್ಲ. ಪರದೆಯ ಮೇಲೆ ಕೆಂಪು ಹಸಿರು ಬಣ್ಣ ತೋರಿಸಿ ಇದೇ ಸ್ಟ್ರೆಸ್ ಅಂತಾರೆ, ಹುಡುಗರೂ ತಲೆ ಅಲ್ಲಾಡಿಸುತ್ತಾರೆ.

ನೆಲದಡಿಯ ಬಂಡೆ ಸುಮ್ಮನೆ ಮಲಗಿಲ್ಲ. ಮೇಲಿನಿಂದ ಭಾರ, ಪಕ್ಕದಿಂದ ಹಿಂಡು. ಎಲ್ಲ ಕಡೆಯಿಂದಲೂ ಒಂದೇ ಸಮ ಹಿಂಡುವುದಿಲ್ಲ, ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ. ಜೋಳದ ಹಿಟ್ಟಿನ ಉಂಡೆಯನ್ನು ಎರಡು ಅಂಗೈ ನಡುವೆ ಒತ್ತಿದರೆ ಅದು ಯಾರೂ ಒತ್ತದ ಕಡೆ ಬಾಯಿ ಬಿಡುತ್ತದಲ್ಲ, ಬಂಡೆಯೂ ಹಾಗೇ. ನಾವು ಬಾವಿಯೊಳಗೆ ಎರಡು ರಬ್ಬರ್ ಚೀಲ ಇಳಿಸಿ, ಉಬ್ಬಿಸಿ, ನಡುವಿನ ಒಂದು ಗಜ ಜಾಗವನ್ನು ಮುಚ್ಚುತ್ತೇವೆ. ಆ ಜಾಗಕ್ಕೆ ನೀರು ತುಂಬಿ ಪಂಪ್ ಒತ್ತುತ್ತೇವೆ. ಒತ್ತಡ ಏರುತ್ತಾ ಏರುತ್ತಾ ಒಮ್ಮೆ ಟಕ್ಕಂತ ಬೀಳುತ್ತದೆ. ಬಂಡೆ ಬಿರಿಯಿತು. ಆಗ ಪಂಪ್ ನಿಲ್ಲಿಸಿ ಮೀಟರಿನ ಮುಳ್ಳು ಎಲ್ಲಿಗೆ ಬಂದು ನಿಧಾನವಾಗುತ್ತದೆ ಅಂತ ನೋಡಬೇಕು. ಆ ಒಂದು ಅಂಕಿಯೇ ನಮ್ಮ ಕೆಲಸ. ಬಿರುಕನ್ನು ಮುಚ್ಚಲು ಬಂಡೆ ಎಷ್ಟು ಒತ್ತುತ್ತಿದೆ ಅನ್ನುವುದು ಅದು.

ಅಂಕಿ ಸಿಕ್ಕ ಮೇಲೆ ದಿಕ್ಕು. ಭೂಶಾಖದ ಬಾವಿಯಲ್ಲಿ ದಿಕ್ಕೇ ಪ್ರಾಣ. ಒಂದು ಬಾವಿಯಲ್ಲಿ ತಣ್ಣೀರು ಬಿಡುತ್ತಾರೆ, ಅದು ಬಿರುಕಿನಲ್ಲಿ ಹರಿದು ಬಿಸಿ ಬಂಡೆಯಿಂದ ಕಾದು ಇನ್ನೊಂದು ಬಾವಿಯಲ್ಲಿ ಮೇಲೆ ಬರಬೇಕು. ಬಿರುಕು ಯಾವ ಕಡೆ ಓಡುತ್ತದೋ ಎರಡನೇ ಬಾವಿಯನ್ನು ಆ ಕಡೆಯೇ ಕೊರೆಯಬೇಕು. ದಿಕ್ಕು ತಪ್ಪಿತೋ, ಒಳಗೆ ಬಿಟ್ಟ ನೀರು ಯಾವ ಊರಿಗೆ ಹೋಯಿತೋ ದೇವರಿಗೇ ಗೊತ್ತು.

ಇಷ್ಟು ಅರ್ಥವಾದರೆ ಉಳಿದದ್ದು ಬರೀ ಕೆಸರು, ಗ್ರೀಸು, ಕಾಯುವುದು. ಮತ್ತೆ ಸಾಹೇಬರು.

ಸಾಹೇಬರ ಬಗ್ಗೆ ಏನ್ ಹೇಳಲಿ! ನನ್ನ ಕಾಲದಲ್ಲಿ ಮೂವರು ಬಂದು ಹೋದರು. ಮೊದಲನೆಯವರು ಸೈಟಿಗೆ ಬಂದದ್ದು ಒಂದೇ ಸಲ. ಅವತ್ತು ಬಾವಿಯಿಂದ ಬಂಡೆಯ ಉದ್ದನೆ ಕೋಲು, ಅಂದರೆ ಕೋರ್, ತೆಗೆಯುತ್ತಿದ್ದೆವು. ಭಾಳ ಒತ್ತಡದ ಜಾಗದಲ್ಲಿ ಆ ಕೋಲು ಇಡಿಯಾಗಿ ಬರುವುದಿಲ್ಲ, ಬಿಸ್ಕತ್ತಿನ ಹಾಗೆ ತಟ್ಟೆ ತಟ್ಟೆಯಾಗಿ ಮುರಿದು ಬರುತ್ತದೆ. ನಮ್ಮಂಥವರಿಗೆ ಅದನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ, ಅಳೆಯುವ ಮುಂಚೆಯೇ ಬಂಡೆ ತನ್ನ ಒತ್ತಡ ತಾನೇ ಹೇಳುತ್ತಿರುತ್ತದೆ. ಸಾಹೇಬರು ಒಂದು ತಟ್ಟೆ ಎತ್ತಿ, ತಿರುಗಿಸಿ ನೋಡಿ, "ಡ್ರಿಲ್ಲರ್‌ನೆ ತೋಡ್ಲಾ" ಅಂದರು. ಡ್ರಿಲ್ಲರ್ ಮುರಿದಿದ್ದಾನಂತೆ! ಅಷ್ಟು ಹೇಳಿ ಡ್ರಿಲ್ಲರಿಗೆ ಎಲ್ಲರ ಎದುರು ಬೈದು, ಎರಡು ತಟ್ಟೆ ಒರೆಸಿ ಜೀಪಿನಲ್ಲಿ ಇಟ್ಟುಕೊಂಡು ಹೋದರು. ಆಮೇಲೆ ಆಫೀಸಿನಲ್ಲಿ ಆ ತಟ್ಟೆಗಳ ಮೇಲೆ ತಮ್ಮ ಚಹಾದ ಕಪ್ ಇಡುತ್ತಿದ್ದರು. ನಾನು ಒಳಗೊಳಗೇ ನಕ್ಕೆ. ಬೈಸಿಕೊಂಡವನ ಪರವಾಗಿ ಒಂದು ಮಾತೂ ಆಡಲಿಲ್ಲ. ಆಗ ನನಗೆ ಅದು ತಪ್ಪು ಅಂತಲೂ ಅನ್ನಿಸಲಿಲ್ಲ.

ಎರಡನೆಯವರಿಗೆ ಅಂಕಿ ದೊಡ್ಡದಿರಬೇಕು. ಬಂಡೆ ಎಷ್ಟು ಕೊಟ್ಟರೂ ಸಾಲದು. ಫೋನಿನಲ್ಲಿ "ಬಿರಾದಾರ, ಆಣಖೀ ಥೋಡಂ ವಾಢವಾ ನಾ" ಅನ್ನುವರು, ಇನ್ನೂ ಸ್ವಲ್ಪ ಏರಿಸು ಅಂತ. ಏರಿಸಲಿಕ್ಕೆ ಅದೇನು ನಮ್ಮ ಮನೆ ರೇಡಿಯೋನಾ? ಸತ್ತರೂ ಏರಿಸಲಿಲ್ಲ. ನನಗೆ ಆ ಹೆಮ್ಮೆ ಭಾಳ ಇತ್ತು. ಯಾರ ಬಾಯಿಗೂ ಹೆದರಿ ಅಂಕಿ ತಿದ್ದದವನು ನಾನು ಅಂತ ಎದೆ ಸೆಟೆಸಿಕೊಂಡು ಓಡಾಡುತ್ತಿದ್ದೆ. ಓದುವ ಹುಡುಗರು ಇದನ್ನು ನೆನಪಿಟ್ಟುಕೊಳ್ಳಿ, ಆ ಹೆಮ್ಮೆ ಭಾಳ ಕೆಟ್ಟದ್ದು. ಒಂದು ಕಡೆ ಪ್ರಾಮಾಣಿಕನಾದವನು ಎಲ್ಲ ಕಡೆಯೂ ಪ್ರಾಮಾಣಿಕ ಅಂತ ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಳ್ಳುತ್ತಾನೆ.

ಮೂರನೆಯವರು ಸಾಠೆ ಸಾಹೇಬರು. ಭೂಶಾಖದ ಕೆಲಸ ಹಿಡಿದು ತಂದವರು ಇವರೇ. ಅಲ್ಲಿಯವರೆಗೆ ನಾವು ಅಣೆಕಟ್ಟು, ಸುರಂಗ ಅಂತ ತಣ್ಣನೆ ಬಂಡೆ ನೋಡಿದವರು. ಕೊಂಕಣದಲ್ಲಿ ಬಿಸಿನೀರಿನ ಬುಗ್ಗೆಯ ಊರೊಂದರ ಪಕ್ಕ ಮೊದಲ ಬಾವಿ. ಸುರಂಗಕ್ಕೆ ಬಳಸಿದ ರಬ್ಬರ್ ಚೀಲಗಳನ್ನೇ ಅಲ್ಲಿಗೂ ಕಳಿಸಿದರು. ಶಿವಶರಣಪ್ಪ ಅದನ್ನು ಮುಟ್ಟಿ ನೋಡಿ, "ಸಾಹೇಬ್ರ, ಇದು ಬಿಸಿ ತಡ್ಯಂಗಿಲ್ರಿ. ಕೆಳಗ ಕೈ ಇಡಾಕಾಗಂಗಿಲ್ಲ ಅಷ್ಟು ಕಾವು ಅದ" ಅಂದ. ನಾನು ಪುಣೆಗೆ ಫೋನ್ ಮಾಡಿದೆ. "ಚಲೇಲ್, ಚಲೇಲ್" ಅಂದರು ಸಾಠೆ, ನಡೆಯುತ್ತದೆ ಅಂತ. ಇಳಿಸಿದೆವು. ಚೀಲ ಉಬ್ಬಿತು, ಬೆಂದಿತು, ಒಳಗೇ ಅಂಟಿಕೊಂಡು ಕೂತಿತು. ನಾಲ್ಕು ದಿನ ಎಳೆದು ತೆಗೆದರೆ ಕೈಗೆ ಬಂದದ್ದು ಕರಿ ಹಲ್ವಾ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಪುಣೆಗೆ ಕಳಿಸಿದೆ. ಸಾಠೆ ಸಾಹೇಬರು ಅದನ್ನು ರಬ್ಬರ್ ಕೊಟ್ಟ ಕಂಪನಿಯ ತಲೆಗೆ ಕಟ್ಟಿದರು. ಆ ಮನುಷ್ಯನ ಕೈಗೆ ತಪ್ಪು ಎಂದೂ ಅಂಟಲಿಲ್ಲ, ಯಾವಾಗಲೂ ಪಕ್ಕದವನ ಮೈಮೇಲೇ ಬೀಳುತ್ತಿತ್ತು.

ಆಮೇಲೆ ಬಾವಿಗೆ ಒಂದು ದಿನವಿಡೀ ತಣ್ಣೀರು ಸುರಿದು, ತಂಪು ಮಾಡಿ, ಹೊಸ ಚೀಲ ಇಳಿಸಿದೆವು. ಬಂಡೆ ನಿರೀಕ್ಷೆಗಿಂತ ಬೇಗ ಬಿರಿಯಿತು. ಸಾಠೆ ಸಾಹೇಬರಿಗೆ ಹಬ್ಬ! ಬಂಡೆ ಮೆತ್ತಗಿದೆ, ಕೆಲಸ ಸಲೀಸು ಅಂತ ಎಲ್ಲರಿಗೂ ಹೇಳಿಕೊಂಡು ಬಂದರು. ಅಲ್ರೀ, ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಅದು ಸೀಳುತ್ತದೆ, ಹಾಗಂತ ಗಾಜು ಮೆತ್ತಗಿದೆ ಅಂತೀರಾ? ಬಾವಿಯ ಗೋಡೆಯನ್ನು ನಾವೇ ತಂಪು ಮಾಡಿ ಕುಗ್ಗಿಸಿದ್ದೆವು, ಅದಕ್ಕೇ ಅದು ಬೇಗ ಬಿರಿಯಿತು. ಇದನ್ನು ರಿಪೋರ್ಟಿನಲ್ಲಿ ಅರ್ಧ ಪುಟ ಬರೆದೆ. ಸಾಹೇಬರು ಆ ಅರ್ಧ ಪುಟ ತೆಗೆದು ಹಿಂದಿನ ಅನುಬಂಧಕ್ಕೆ ಹಾಕಿದರು. ಅನುಬಂಧ ಅಂದರೆ ಯಾರೂ ಓದದ ಜಾಗ.

ಈಗ ದಿಕ್ಕಿನ ವಿಷಯ. ಇವತ್ತು ಬಾವಿಯೊಳಗೆ ಒಂದು ಉಪಕರಣ ಬಿಟ್ಟರೆ ಗೋಡೆಯ ಚಿತ್ರ ಸೀದಾ ಲ್ಯಾಪ್‌ಟಾಪಿಗೆ ಬರುತ್ತದೆ. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ಬಂಡೆ ಬಿರಿದ ಮೇಲೆ, ಮೆತ್ತನೆ ರಬ್ಬರ್ ಸುತ್ತಿದ ಇನ್ನೊಂದು ಚೀಲವನ್ನು ಅದೇ ಜಾಗಕ್ಕೆ ಇಳಿಸಿ ಉಬ್ಬಿಸಿ ಒತ್ತಿ ಹಿಡಿಯುತ್ತಿದ್ದೆವು. ಬಿರುಕಿನ ಅಚ್ಚು ರಬ್ಬರಿನ ಮೇಲೆ ಸಣ್ಣ ಉಬ್ಬು ಗೆರೆಯಾಗಿ ಮೂಡುತ್ತಿತ್ತು. ಚೀಲದ ಮೇಲೆ ಒಂದು ಗುರುತಿನ ಗೆರೆ, ಆ ಗೆರೆ ಉತ್ತರದಿಂದ ಎಷ್ಟು ದೂರದಲ್ಲಿದೆ ಅಂತ ಹೇಳಲಿಕ್ಕೆ ಮೇಲೆ ಒಂದು ಕಂಪಾಸ್. ಕಂಪಾಸಿನ ಹತ್ತಿರ ಕಬ್ಬಿಣ ಇರಬಾರದು, ಮುಳ್ಳನ್ನು ಆ ಕಡೆ ಎಳೆಯುತ್ತದೆ, ಅದಕ್ಕೇ ಅಲ್ಲಿ ಮಾತ್ರ ಹಿತ್ತಾಳೆ ರಾಡು, ನಮ್ಮ ಹುಡುಗರ ಬಾಯಲ್ಲಿ ಪಿತ್ತಳಿ. ರಾಡು ಜೋಡಿಸುವುದು ಡ್ರಿಲ್ಲರನ ಕೆಲಸ, ಅಂದರೆ ಶಿವಶರಣಪ್ಪನದು. ಚೀಲ ಮೇಲೆ ಬಂದ ಮೇಲೆ ಅದರ ಸುತ್ತ ಪಾರದರ್ಶಕ ಹಾಳೆ ಸುತ್ತಿ, ಎಣ್ಣೆ ಪೆನ್ಸಿಲಿನಿಂದ ಬಿರುಕನ್ನು ನಕಲು ಮಾಡಿ, ಹಾಳೆ ಬಿಚ್ಚಿ ಟೇಬಲ್ ಮೇಲೆ ಹಾಸಿ ಕೋನ ಅಳೆಯುವುದು ಇಂಜಿನಿಯರನ ಕೆಲಸ. ಅಂದರೆ ನನ್ನದು.

ಆ ಕೊಂಕಣದ ಬಾವಿಯಲ್ಲಿ ನಾನು ಹಾಳೆ ಬಿಚ್ಚಿದೆ. ಅವತ್ತು ಗಾಳಿ ಇತ್ತು, ಹಾಳೆ ಕೈಯಿಂದ ಹಾರಲಿಕ್ಕೆ ನೋಡುತ್ತಿತ್ತು. ಟೇಬಲ್ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ನಟ್ಟು ಇಟ್ಟು, ಮೂಲೆಯಲ್ಲಿ ಆಳ, ಪರೀಕ್ಷೆಯ ಕ್ರಮಸಂಖ್ಯೆ ಬರೆದು, ಕೋನ ಅಳೆದೆ. ವಾಯವ್ಯ–ಆಗ್ನೇಯ. ಸಹಿ ಹಾಕಿದೆ. ಎರಡನೇ ಬಾವಿಯನ್ನು ವಾಯವ್ಯಕ್ಕೆ ಕೊರೆದರು. ನಾಲ್ಕು ತಿಂಗಳ ಕೆಲಸ. ಕೊರೆದು ಮುಗಿಸಿ ಮೊದಲ ಬಾವಿಗೆ ನೀರು ಒತ್ತಿದರು. ಎಂಟು ದಿನ ಒತ್ತಿದರು. ಎರಡನೇ ಬಾವಿಯ ಬಾಯಲ್ಲಿ ಒಂದು ಹನಿ ಇಲ್ಲ, ಒಂದು ಉಗಿ ಇಲ್ಲ. ಊರಿನವರು ದಿನಾ ಬಂದು ನೋಡಿ, ನಕ್ಕು ಹೋಗುತ್ತಿದ್ದರು.

ಯಾರದಾದರೂ ಒಬ್ಬರದು ತಪ್ಪಾಗಲೇಬೇಕಿತ್ತು. ಹಡಪಸರದ ಆಫೀಸಿನಲ್ಲಿ ಮೀಟಿಂಗ್ ಕರೆದರು, ಸೈಟಿನಿಂದ ಶಿವಶರಣಪ್ಪನನ್ನೂ ಕರೆಸಿದರು. ಅವತ್ತು ಬೆಳಿಗ್ಗೆ ಮೀಟಿಂಗಿಗೆ ಮುಂಚೆ ನಾನು ಕಪಾಟಿನಿಂದ ಆ ಹಾಳೆ ತೆಗೆದೆ. ಬೆವರಿದ ಕೈ. ಹೆಬ್ಬೆರಳು ಮೂಲೆಯ ಮೇಲೆ ಆಡಿತು, ನಾನು ಬರೆದ ಆಳದ ಅಂಕಿ ಅಳಿಸಿ ಬೆರಳಿಗೆ ಹತ್ತಿತು. ಪಕ್ಕದಲ್ಲೇ ಬಿರುಕಿನ ಗೆರೆ. ಅದರ ಮೇಲೆಯೂ ಬೆರಳು ಉಜ್ಜಿದೆ. ಅದು ಅಳಿಸಲಿಲ್ಲ. ಇನ್ನೊಮ್ಮೆ ಉಜ್ಜಿದೆ. ಅಳಿಸಲಿಲ್ಲ.

ಅದೇ ಪೆನ್ಸಿಲ್, ಅದೇ ಹಾಳೆ. ಒಂದು ಅಳಿಸುತ್ತದೆ, ಒಂದು ಅಳಿಸುವುದಿಲ್ಲ ಅಂದರೆ ಗೆರೆ ಇರುವುದು ಹಾಳೆಯ ಆ ಬದಿಗೆ. ತಿರುವಿ ಉಜ್ಜಿದೆ, ಗೆರೆ ಕೈಗೆ ಬಂತು. ಸೈಟಿನಲ್ಲಿ ಹಾಳೆ ಬಿಚ್ಚಿದವನು ಅದನ್ನು ಬೋರಲು ಹಾಸಿದ್ದೆ. ಗೆರೆ ಕೆಳಗೆ, ಖಾಲಿ ಬದಿ ಮೇಲೆ. ಪಾರದರ್ಶಕವಾದ್ದರಿಂದ ಗೆರೆ ಕಾಣುತ್ತಲೇ ಇತ್ತು, ಆದರೆ ಕನ್ನಡಿಯಲ್ಲಿ ಕಂಡ ಹಾಗೆ, ಬಲ ಎಡವಾಗಿ. ಈಶಾನ್ಯಕ್ಕೆ ಓಡುವ ಬಿರುಕನ್ನು ನಾನು ವಾಯವ್ಯ ಅಂತ ಓದಿದ್ದೆ. ಪುಣೆಯಲ್ಲಿ ಫ್ಲ್ಯಾಟ್ ಕೊಳ್ಳುವವನು ಕೂಡ ಈಶಾನ್ಯ ಎಲ್ಲಿದೆ ಅಂತ ಹತ್ತು ಸಲ ನೋಡುತ್ತಾನೆ. ಇಪ್ಪತ್ತಮೂರು ವರ್ಷ ಸರ್ವಿಸ್ ಆದ ನಾನು ಹಾಳೆ ತಿರುವಿ ನೋಡಿರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು.

ಮೀಟಿಂಗಿನಲ್ಲಿ ಶಿವಶರಣಪ್ಪ ಬಾಗಿಲ ಬಳಿ ನಿಂತಿದ್ದ. ಕೂಡು ಅಂದರೂ ಕೂಡಲಿಲ್ಲ. ಸಾಠೆ ಸಾಹೇಬರು ಅವನನ್ನು ಕೇಳಿದರು, ಕಂಪಾಸಿನ ಹತ್ತಿರ ಕಬ್ಬಿಣದ ರಾಡು ಹಾಕಿದ್ದೆಯಾ?

"ಇಲ್ರಿ ಸಾಹೇಬ್ರ. ಪಿತ್ತಳಿ ರಾಡೇ ಹಾಕೀನ್ರಿ. ನಾ ಕೈಯಾರೆ ಹಾಕೀನಿ."

"ಮಗ್ ಕಂಪಾಸ್ ಖೋಟಂ ಬೋಲ್ತೋಯ್ ಕಾ?" ಅಂದರು ಸಾಹೇಬರು. ಮತ್ತೆ ಕಂಪಾಸ್ ಸುಳ್ಳು ಹೇಳುತ್ತದಾ ಅಂತ. ಟೇಬಲ್ ಸುತ್ತ ಕೂತವರು ನಕ್ಕರು.

ಆಮೇಲೆ ನನ್ನ ಕಡೆ ತಿರುಗಿ, ಹಾಳೆಯ ನಕಲು ಸರಿಯಿದೆಯಲ್ಲ ಅಂತ ಕೇಳಿದರು. "ಬಿರಾದಾರ, ಟ್ರೇಸಿಂಗ್ ಬರೋಬರ್ ಆಹೆ ನಾ?"

ಹಾಳೆ ನನ್ನ ತೊಡೆಯ ಮೇಲಿನ ಫೈಲಿನಲ್ಲೇ ಇತ್ತು. ಬೆರಳಿಗೆ ಇನ್ನೂ ಎಣ್ಣೆ ಪೆನ್ಸಿಲಿನ ಕಪ್ಪು. ಆ ಕೋಣೆಯಲ್ಲಿ ನಾನು ಹತ್ತು ವರ್ಷದಿಂದ ಎಲ್ಲರನ್ನೂ ಮೂರ್ಖರು ಅಂತ ಹೀಯಾಳಿಸಿದ್ದೆ, ಸಾಠೆಯವರನ್ನು ಮುಖದ ಮೇಲೆಯೇ ಆಡಿಕೊಂಡಿದ್ದೆ. ಈಗ ಅವರೆಲ್ಲರ ಮುಂದೆ, ಸ್ಕೂಲಿನ ಹುಡುಗ ಮಾಡುವ ತಪ್ಪು ನಾನು ಮಾಡಿದೆ ಅಂತ ಹೇಳಬೇಕಿತ್ತು. ಎರಡು ಬಾರಿ ಬಾಯಿ ತೆರೆದೆ. ಸಾಠೆ ಸಾಹೇಬರ ಮುಖದಲ್ಲಿ ನಗು ಸಿದ್ಧವಾಗಿ ಕೂತಿರುವುದು ಕಂಡಿತು.

"ಹೋ ಸರ್" ಅಂದೆ. ಹೌದು, ಸರಿಯಾಗಿದೆ ಅಂತ.

ಅಷ್ಟೇ. ಮೀಟಿಂಗ್ ಮುಗಿಯಿತು. ರಿಪೋರ್ಟಿನಲ್ಲಿ "ಆಪರೇಟರ್ ಎರರ್" ಅಂತ ಬಂತು. ಶಿವಶರಣಪ್ಪನ ಜೊತೆ ಅವನ ಊರಿನ ಆರು ಜನ ಬಾವಿ ಕೊರೆಯುವ ರಿಗ್ಗಿನ ಮೇಲೆ ದುಡಿಯುತ್ತಿದ್ದರು, ಅವನ ಹೆಂಡತಿಯ ಅಣ್ಣ ಮಲ್ಲಪ್ಪನೂ ಅದರಲ್ಲೊಬ್ಬ. ಕಾಂಟ್ರಾಕ್ಟರ್ ಏಳೂ ಜನರನ್ನು ಒಂದೇ ದಿನ ತೆಗೆದ. ಶಿವಶರಣಪ್ಪ ಹೋಗುವ ಮುಂಚೆ ನನ್ನ ಟೇಬಲ್ ಹತ್ತಿರ ಬಂದು "ಬರ್ತೀನ್ರಿ" ಅಂದ. ನಾನು ಕಂಪ್ಯೂಟರ್ ನೋಡುತ್ತಾ "ಹೂಂ" ಅಂದೆ.

ಆಮೇಲಿನ ಎಂಟು ವರ್ಷದ ನೌಕರಿ ಹೇಳಲಿಕ್ಕೆ ಯೋಗ್ಯವಾದದ್ದಲ್ಲ. ರಿಟೈರ್ ಆದಾಗ ಶಾಲು ಹೊದಿಸಿದರು. ಸಾಠೆ ಸಾಹೇಬರು ಭಾಷಣದಲ್ಲಿ "ಬಿರಾದಾರ ಅಂದರೆ ಖಡಕ್ ಮನುಷ್ಯ, ಅಂಕಿಯಲ್ಲಿ ರಾಜಿ ಇಲ್ಲ" ಅಂದರು. ಕೂತವರು ಚಪ್ಪಾಳೆ ಹೊಡೆದರು. ನಾನು ಕೈ ಮುಗಿದು ಪೇಢೆ ತಿಂದೆ.

ಮೇಘನಾ ಎರಡನೇ ಸಲ ಫೋನ್ ಮಾಡಿದ್ದು ನಾನು ಈ ಬರಹ ಶುರುಮಾಡಿ, ಆ ಕರಿ ಹಲ್ವಾದ ಕತೆ ಬರೆದು ನಗುತ್ತಾ ಕೂತಿದ್ದಾಗ. "ಸರ್, ಒಂದು ಫನ್ನಿ ಥಿಂಗ್. ನಿಮ್ಮ ಬಾವಿಯ ಆ್ಯಂಗಲನ್ನ ಮಿರರ್ ಮಾಡಿದ್ರೆ ಉಳಿದ ಆರು ಬಾವಿಗೆ ಎಕ್ಸಾಕ್ಟ್ ಮ್ಯಾಚ್ ಆಗುತ್ತೆ. ಕಬ್ಬಿಣದ ರಾಡಿಂದ ಕಂಪಾಸ್ ಹಾಳಾಗಿದ್ರೆ ಹಿಂಗ್ ನೀಟಾಗಿ ಬರಲ್ಲ ಅಲ್ವಾ ಸರ್? ಶೀಟ್ ಉಲ್ಟಾ ಆಗಿತ್ತಾ?"

ನಾನು ಇಷ್ಟು ಹೊತ್ತು ಬೈಯುತ್ತಾ ಬಂದ ಹಿಂಜವಾಡಿಯ ಕೂಸು! ಚೀಲ ಮುಟ್ಟಿಲ್ಲ, ಗ್ರೀಸ್ ಕಂಡಿಲ್ಲ, ಏಸಿ ಕೋಣೆಯಲ್ಲಿ ಕೂತು ಹಿಡಿದುಬಿಟ್ಟಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು. "ಹೌದಮ್ಮ, ಉಲ್ಟಾ ಆಗಿತ್ತು. ಉಲ್ಟಾ ಮಾಡಿದ್ದು ನಾನು" ಅಂದೆ. ಆಕೆ "ಹಾಗಿದ್ರೆ ಆಪರೇಟರಿಗೆ ಗೊತ್ತಾ ಸರ್?" ಅಂದಳು.

ಶಿವಶರಣಪ್ಪನ ನಂಬರ್ ನನ್ನ ಹತ್ತಿರ ಇತ್ತು. ಹನ್ನೆರಡು ವರ್ಷದಲ್ಲಿ ಮೂರು ಫೋನ್ ಬದಲಾಯಿಸಿದ್ದೇನೆ, ಮೂರಕ್ಕೂ ಆ ನಂಬರ್ ಬಂದಿತ್ತು. ಒಮ್ಮೆಯೂ ಒತ್ತಿರಲಿಲ್ಲ. ಒತ್ತಿದೆ. "ಯಾರ್ರೀ?" ಅಂತ ಅದೇ ದನಿ. ಹೆಸರು ಹೇಳಿದೆ. "ಓಹೋ ಸಾಹೇಬ್ರ! ಆರಾಮ ಇದ್ದೀರೇನ್ರಿ?" ಅಂದ, ಏನೂ ಆಗದವನ ಹಾಗೆ. ಕಾತ್ರಜದ ಆಚೆ, ಸಾತಾರಾ ರಸ್ತೆಯ ಏರಿನಲ್ಲಿ ಒಂದು ಹೊಸ ಹೌಸಿಂಗ್ ಸೊಸೈಟಿಗೆ ಬೋರ್‌ವೆಲ್ ಕೊರೆಯುತ್ತಿದ್ದಾನಂತೆ. ನಾಳೆ ಬರ್ತೀನಿ ಅಂದೆ. "ಬರ್ರಿ ಬರ್ರಿ. ಧೂಳಿ ಭಾಳ ಅದ, ಮುಖಕ್ಕ ಬಟ್ಟಿ ಕಟ್ಕೊಂಡ ಬರ್ರಿ" ಅಂದ.

ಬೆಳಿಗ್ಗೆ ಹತ್ತಕ್ಕೆ ಬಸ್ಸಿಳಿದು ಏರು ಹತ್ತಿದೆ. ಲಾರಿಯ ಮೇಲೆ ರಿಗ್ಗು, ಪಕ್ಕದಲ್ಲಿ ಇನ್ನೊಂದು ಲಾರಿಯ ಮೇಲೆ ಕಂಪ್ರೆಸರ್ ಕಿವಿ ಹರಿಯುವ ಹಾಗೆ ಅರಚುತ್ತಿತ್ತು. ಬಂಡೆಯ ಬಿಳಿ ಹಿಟ್ಟು ಎಲ್ಲರ ಮೈಮೇಲೆ. ಆರೇಳು ಜನ. ಅವರಲ್ಲಿ ಒಬ್ಬ "ಏ ಪಿತ್ತಳಿ, ಯಾರೋ ಬಂದಾರ ನೋಡು" ಅಂತ ಕೂಗಿದ. ಕೂಗಿದವನು ಮಲ್ಲಪ್ಪ. ಕರೆಸಿಕೊಂಡವನು ಶಿವಶರಣಪ್ಪ. ಪಿತ್ತಳಿ ರಾಡು ಹಾಕೀನಿ ಅಂತ ಸುಳ್ಳು ಹೇಳಿದ ಅಂತ, ಹನ್ನೆರಡು ವರ್ಷದಿಂದ ಅವನ ಜನ ಅವನನ್ನು ಕರೆಯುವುದು ಹಾಗೆ, ಶರಣಪ್ಪ ಅಂತ ಹೆಸರು ಹಿಡಿದು ಕರೆಯುವವರಿಲ್ಲ.

ಅವನು ನನ್ನನ್ನು ಸಿಮೆಂಟ್ ಚೀಲಗಳ ಆಚೆ ಕರೆದುಕೊಂಡು ಹೋದ, ಸದ್ದು ಸ್ವಲ್ಪ ಕಡಿಮೆ ಅಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತೋ, ಧೂಳೋ, ತಿಳಿಯಲಿಲ್ಲ. ನಾನು ಸುತ್ತಿ ಬಳಸದೆ ಹೇಳಿದೆ. "ಶಿವಶರಣಪ್ಪ, ಆ ಬಾವಿ ಕೆಟ್ಟದ್ದು ನಿನ್ನ ರಾಡಿಂದ ಅಲ್ಲ. ನಾ ಹಾಳಿ ಬೋರಲ ಹಾಸಿದ್ದೆ. ಮೀಟಿಂಗಿನ ದಿನ ಬೆಳಿಗ್ಗೆ ನನಗ ಗೊತ್ತಾಗಿತ್ತು."

"ಗೊತ್ತ ಅದ್ರಿ" ಅಂದ.

"ಏನು ಗೊತ್ತದ?"

"ಹಾಳಿ ಬೋರಲ ಆಗಿದ್ದು. ನಾ ಅವತ್ತ ಸೈಟಿನ್ಯಾಗೇ ನಿಮಗ ಅಂದಿದ್ದೆನಲ್ರಿ. ಸಾಹೇಬ್ರ, ಗೆರಿ ಕೆಳಗ ಹೋಗ್ಯಾದ ನೋಡ್ರಿ ಅಂದೆ. ನೀವು ನಕ್ರಿ. ‘ನೀ ಯಾವಾಗ ಇಂಜಿನಿಯರ್ ಆದ್ಯೋ?’ ಅಂದ್ರಿ. ಮಂದಿ ಎಲ್ಲಾ ನಕ್ರು."

ನನಗೆ ನೆನಪಿಲ್ಲ. ಎಷ್ಟು ತಿಣುಕಿದರೂ ಇವತ್ತಿಗೂ ನೆನಪಾಗುತ್ತಿಲ್ಲ. ಗಾಳಿ ನೆನಪಿದೆ, ನಾಲ್ಕು ನಟ್ಟು ನೆನಪಿದೆ, ಅವನು ಹೇಳಿದ್ದು ನೆನಪಿಲ್ಲ. ಅಷ್ಟು ಜನರ ಬಾಯಿಯನ್ನು ನಾನು ಹಾಗೆ ನಕ್ಕು ಮುಚ್ಚಿಸಿದ್ದೇನೆ, ಯಾವುದಂತ ನೆನಪಿರುತ್ತದೆ?

"ಮತ್ತ ಮೀಟಿಂಗಿನ್ಯಾಗ ಯಾಕ ಹೇಳಲಿಲ್ಲ?" ಅಂದೆ.

"ನಿಮ್ಮನ್ನ ಕೇಳಿದ್ರಲ್ರಿ. ನೀವು ಹೇಳ್ತೀರಿ ಅಂದ್ಕೊಂಡೆ." ಅವನು ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ಹೇಳಿದ. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಕಂಪನಿಗೆ ಪತ್ರ ಬರೆಯುತ್ತೇನೆ, ಆ ರಿಪೋರ್ಟ್ ತಿದ್ದಿಸುತ್ತೇನೆ, ಹಿಂಜವಾಡಿಯವರಿಗೂ ಬರೆದು ಕೊಡುತ್ತೇನೆ ಅಂದೆ. ಅವನು ತಲೆ ಅಲ್ಲಾಡಿಸಿದ. "ಆ ಕಾಗದ ಯಾರ್ ಓದ್ತಾರ್ರಿ? ನಮ್ಮ ಮಂದಿ ಓದ್ತಾರೇನು? ಹೇಳೂದಿದ್ರ ಇವರ ಮುಂದ ಹೇಳ್ರಿ. ಮಲ್ಲಪ್ಪನ ಮುಂದ ಹೇಳ್ರಿ. ನನ್ನ ಹೆಂಡ್ತಿ ತವರಿಗಿ ಹ್ವಾದ್ರ ಇವತ್ತಿಗೂ ಅದೇ ಮಾತು ಬರ್ತದ. ನಿನ್ನ ಗಂಡ ನಮ್ಮ ಅನ್ನ ತೆಗೆದ ಅಂತಾರ."

ರಿಗ್ಗಿನ ಹತ್ತಿರ ಹೋದೆವು. ನಾನು ಮಲ್ಲಪ್ಪನ ಎದುರು ನಿಂತು ಹೇಳಿದೆ. ಕಂಪ್ರೆಸರಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಮಲ್ಲಪ್ಪ ಕಿವಿಗೆ ಕೈ ಹಿಡಿದು "ಏನ್ರಿ?" ಅಂದ. ಇನ್ನೊಮ್ಮೆ ಕೂಗಿದೆ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಒಂದು ಕ್ಷಣ ಅನ್ನಿಸಿತು, ಹೇಳಿದ್ದಾಯಿತು, ಇನ್ನು ಹೋಗಬಹುದು ಅಂತ. ನಿಜ ಹೇಳಬೇಕೆಂದರೆ ಹೋಗಲಿಕ್ಕೆ ತಿರುಗಿಯೂ ಇದ್ದೆ.

ಶಿವಶರಣಪ್ಪ ಕಂಪ್ರೆಸರ್ ನಡೆಸುವ ಆಪರೇಟರಿಗೆ ಕೈ ಎತ್ತಿ ಬಂದ್ ಮಾಡು ಅಂತ ಸನ್ನೆ ಮಾಡಿದ. ಆಪರೇಟರ್ ನಂಬದೆ ನೋಡಿದ. ಅರ್ಧ ಕೊರೆದ ಬಾವಿಯಲ್ಲಿ ಕಂಪ್ರೆಸರ್ ನಿಲ್ಲಿಸುವವರು ಯಾರೂ ಇಲ್ಲ, ಒಳಗಿನ ಪುಡಿ ಇಳಿದು ಕೊರೆಯುವ ಹ್ಯಾಮರನ್ನು ಹಿಡಿದುಕೊಂಡರೆ ಇಡೀ ಬಾವಿ ಹೋಯಿತು. ಶಿವಶರಣಪ್ಪ ಮತ್ತೆ ಸನ್ನೆ ಮಾಡಿದ. ಕಂಪ್ರೆಸರ್ ನಿಂತಿತು. ಕೆಳಗೆ ಹೈವೇಯ ಬಸ್ಸಿನ ಹಾರ್ನ್ ಕೇಳಿಸಿತು.

"ಈಗ ಹೇಳ್ರಿ" ಅಂದ.

"ಅವ ಹಾಕಿದ್ದು ಪಿತ್ತಳಿ ರಾಡೇ" ಅಂದೆ. "ತಪ್ಪು ನಂದು. ಹಾಳಿ ಬೋರಲ ಹಾಸಿ ದಿಕ್ಕು ತಪ್ಪು ಬರದೆ. ಇವ ಅವತ್ತೇ ಹೇಳಿದ, ನಾ ನಕ್ಕೆ. ಮುಂದ ಮೀಟಿಂಗಿನ್ಯಾಗ ನನ್ನನ್ನ ಕೇಳಿದಾಗ ಗೊತ್ತಿದ್ದೂ ಸುಳ್ಳ ಹೇಳಿದೆ. ನಿಮ್ಮ ಏಳೂ ಮಂದಿ ಕೆಲಸ ತೆಗೆದಾಂವ ನಾನು."

ಯಾರಾದರೂ ಬೈದಿದ್ದರೆ ಚೆನ್ನಾಗಿತ್ತು. ಮಲ್ಲಪ್ಪ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ಶಿವಶರಣಪ್ಪ ನನ್ನ ಕಡೆ ನೋಡಲೇ ಇಲ್ಲ, ಮಲ್ಲಪ್ಪನನ್ನೇ ನೋಡುತ್ತಿದ್ದ. ಕೊನೆಗೆ ಮಲ್ಲಪ್ಪ ಬಟ್ಟೆ ಕೆಳಗಿಳಿಸಿ, ನೆಲ ನೋಡುತ್ತಾ, "ಶರಣಪ್ಪ" ಅಂದ. ಅಷ್ಟೇ ಅಂದ.

"ಹೂಂ" ಅಂದ ಶಿವಶರಣಪ್ಪ. ಆಮೇಲೆ ಆಪರೇಟರ್ ಕಡೆ ತಿರುಗಿ, "ಚಾಲೂ ಮಾಡೋ, ಹ್ಯಾಮರ್ ಹಿಡೀತದ" ಅಂದ.